ಗೋಹರಬಾಯಿಯನ್ನು ಬೈದು ಬಾಲಗಂಧರ್ವರನ್ನು ಉಳಿಸಬಹುದೆ?

ಕೆಲವು ವರ್ಷಗಳ ಹಿಂದಿನ ಮಾತು. ಧಾರವಾಡದಲ್ಲಿ ಸಂಗೀತಪ್ರಿಯರೊಬ್ಬರ ಮನೆಯಲ್ಲಿ ನಾಲ್ಕಾರು ಜನ ಕೂತು ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೇಳುತ್ತಿದ್ದೆವು. ಬಾಲಗಂಧರ್ವರ ತಟ್ಟೆ ತಿರುಗತೊಡಗಿತು. ಮೂರು ನಿಮಿಷದ ಹಾಡು. ಮುಗಿದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟು, "ಎಂಥಾ ಗಾಯಕ್ರೀ! ಆ ಹೆಣ್ಮಗಳ ಬೆನ್ನಹತ್ತಿ ಹಾಳಾಗಿ ಹ್ವಾದ್ರು" ಅಂದರು. ಅಂದ ಮೇಲೆ ನನ್ನ ಹೆಸರು ನೆನಪಾಯಿತೇನೋ, ನನ್ನ ಕಡೆ ತಿರುಗಿ, "ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ ಮತ್ತ, ನಾ ಜಾತಿ ಮಾತ ಆಡಾಕತ್ತಿಲ್ಲ" ಎಂದರು. ಆ ಸಮಜಾಯಿಷಿ ಬರುವ ತನಕ ನಾನೂ ಅದನ್ನು ಜಾತಿಯ ಮಾತೆಂದು ತಿಳಿದಿರಲಿಲ್ಲ.

ಅವರು ಹೇಳಿದ 'ಆ ಹೆಣ್ಮಗಳು' ಬೇರೆ ಯಾರೂ ಅಲ್ಲ, ನಮ್ಮದೇ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಮರಾಠಿ ರಂಗಭೂಮಿಯ ಬಗ್ಗೆ ಮಾತು ಬಂದಲ್ಲೆಲ್ಲ ಆಕೆಯ ಬಗ್ಗೆ ಕೆಲವು ಮಾತುಗಳು ತಪ್ಪದೆ ಬರುತ್ತವೆ. ಆಕೆ ಮಾಟ ಮಾಡಿಸಿದಳು, ಅವರ ಹಣವನ್ನೆಲ್ಲ ನುಂಗಿದಳು, ಕಂಪನಿ ಮುಳುಗಿಸಿದಳು, ಮನೆ ಒಡೆದಳು, ಗೆಳೆಯರನ್ನು ದೂರ ಮಾಡಿದಳು, ಕೊನೆಗೆ ಅವರ ಧರ್ಮವನ್ನೂ ಕೆಡಿಸಿದಳು. ಇವನ್ನು ಹೇಳುವವರಲ್ಲಿ ಬಹುಪಾಲು ಜನ ಬಾಲಗಂಧರ್ವರ ವೈರಿಗಳಲ್ಲ, ಅಭಿಮಾನಿಗಳು. ತಮ್ಮ ದೇವರ ಮೇಲೆ ಬಿದ್ದ ಧೂಳನ್ನು ಒರೆಸುತ್ತಿದ್ದೇವೆ ಎಂದೇ ಅವರು ನಂಬಿದ್ದಾರೆ. ಆ ಧೂಳು ಒರೆಸುವ ಬಟ್ಟೆಯಾಗಿ ಒಬ್ಬ ಹೆಂಗಸನ್ನು ಬಳಸುತ್ತಿದ್ದೇವೆ ಎಂಬುದು ಅವರಿಗೆ ಹೊಳೆದಿಲ್ಲ. ಈ ಗಾಳಿಮಾತು ಗೋಹರಬಾಯಿಗೆ ಅನ್ಯಾಯ ಮಾಡಿದೆ ಎಂಬುದು ಮೇಲುನೋಟಕ್ಕೇ ಕಾಣುತ್ತದೆ. ಅದು ಬಾಲಗಂಧರ್ವರಿಗೂ ಅಷ್ಟೇ ಅನ್ಯಾಯ ಮಾಡಿದೆ ಎಂಬುದನ್ನು ತೋರಿಸುವುದು ಈ ಬರಹದ ಉದ್ದೇಶ.

ಹೊಸ ತಲೆಮಾರಿನ ಓದುಗರಿಗಾಗಿ ಅವರ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಬೇಕು. ನಾರಾಯಣ ಶ್ರೀಪಾದ ರಾಜಹಂಸ ಹುಟ್ಟಿದ್ದು 1888ರಲ್ಲಿ. ಹುಡುಗನಾಗಿದ್ದಾಗ ಅವರ ಹಾಡು ಕೇಳಿದ ಲೋಕಮಾನ್ಯ ತಿಲಕರು 'ಬಾಲಗಂಧರ್ವ' ಎಂದು ಕರೆದರೆಂಬುದು ಪ್ರಸಿದ್ಧ ಕಥೆ. 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿ ಸೇರಿದರು. ಆ ಮಂಡಳಿ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1913ರಲ್ಲಿ ಗಣಪತರಾವ ಬೋಡಸ ಮತ್ತು ಗೋವಿಂದರಾವ ಟೇಂಬೆ ಅವರ ಜೊತೆ ಸೇರಿ ಬಾಲಗಂಧರ್ವರು ಗಂಧರ್ವ ನಾಟಕ ಮಂಡಳಿ ಸ್ಥಾಪಿಸಿದರು. ಹೆಂಗಸರು ರಂಗದ ಮೇಲೆ ಬರಬಾರದೆಂದಿದ್ದ ಕಾಲ ಅದು. ಶಕುಂತಲೆ, ಸುಭದ್ರೆ, ವಸಂತಸೇನೆ, 'ಮಾನಾಪಮಾನ'ದ ಭಾಮಿನಿ, 'ಸ್ವಯಂವರ'ದ ರುಕ್ಮಿಣಿ, 'ಏಕಚ ಪ್ಯಾಲಾ'ದ ಸಿಂಧು, ದ್ರೌಪದಿ, ಕಾನ್ಹೋಪಾತ್ರಾ, ಹೀಗೆ ಮೂರು ದಶಕಗಳ ಕಾಲ ಮರಾಠಿ ರಂಗಭೂಮಿಯ ಹೆಣ್ಣು ಎಂದರೆ ಅವರೇ. ಅವರು ಸೀರೆ ಉಟ್ಟ ಹಾಗೆ ಮನೆಯ ಹೆಂಗಸರು ಉಟ್ಟರು, ಅವರು ಹೂ ಮುಡಿದ ಹಾಗೆ ಮುಡಿದರು.

ಆದರೆ ಸೀರೆ, ನಡಿಗೆ, ನೋಟಗಳಲ್ಲೇ ನಿಂತುಬಿಟ್ಟರೆ ನಾವು ಅವರ ಕಲೆಯನ್ನು ಅರ್ಧವೂ ಕಂಡಂತಾಗುವುದಿಲ್ಲ. ಅವರ ಅಭಿನಯ ಇದ್ದದ್ದು ಸ್ವರದಲ್ಲಿ. ಇಂದು ನಮಗೆ ಉಳಿದಿರುವುದೂ ಅದೇ. ತಟ್ಟೆಗಳನ್ನು ಗಮನವಿಟ್ಟು ಕೇಳಿದರೆ ಒಂದು ಸಂಗತಿ ಗೊತ್ತಾಗುತ್ತದೆ. ಅವರು ರಾಗವನ್ನು ಪ್ರದರ್ಶನಕ್ಕಿಡುವುದಿಲ್ಲ, ಮಾತಿನೊಳಗಿಂದ ಅದನ್ನು ತೆಗೆಯುತ್ತಾರೆ. ಒಂದು ಶಬ್ದವನ್ನು ಮೊದಲು ಮಾತಿನಂತೆಯೇ ಉಚ್ಚರಿಸಿ, ಅದೇ ಶಬ್ದಕ್ಕೆ ಮತ್ತೆ ಮತ್ತೆ ಬಂದು, ಪ್ರತಿಸಲವೂ ಬೇರೆ ಭಾವವನ್ನು ಹೊರಡಿಸುತ್ತಾರೆ. ತಾನು ಬರುತ್ತದೆ, ಆದರೆ ಮಾತು ಮುರಿಯದಂತೆ ಬರುತ್ತದೆ. ಲಯವನ್ನು ತಬಲಾದ ಮೇಲೆ ಹೇರುವುದಿಲ್ಲ, ಅದರೊಳಗೆ ಸಲೀಸಾಗಿ ಓಡಾಡುತ್ತಾರೆ. ಗಂಡುದನಿಯನ್ನು ಸಣ್ಣ ಮಾಡಿ ಹೆಣ್ಣಾಗಿಸುವ ಅಗ್ಗದ ಉಪಾಯವೂ ಅಲ್ಲಿಲ್ಲ. ರಂಗದ ಮೇಲೆ ಇದೇ ಹಾಡು 'ಒನ್ಸ್ ಮೋರ್' ಕೂಗಿಗೆ ಬೆಳೆಯುತ್ತ ಹೋಗಿ, ನಾಟಕ ಬೆಳಗಿನ ಜಾವದ ತನಕ ನಡೆಯುತ್ತಿತ್ತು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಂಥ ದೊಡ್ಡ ಗವಾಯಿ, ಬಾಲಗಂಧರ್ವರು ತನಗೆ ಅರ್ಥವಾದ ಬಗೆಯನ್ನು ಹೇಳಲು ಅವರ ಪದಗಳನ್ನೇ ಹಾಡಿ ಒಂದು ಕಾರ್ಯಕ್ರಮ ರೂಪಿಸಿದರು. ಕಲಾವಿದನನ್ನು ಗೌರವಿಸುವ ಸರಿಯಾದ ದಾರಿ ಅದು.

ಇನ್ನು ಆರೋಪಗಳಿಗೆ ಬರೋಣ. ಮೊದಲನೆಯದು ಹಣದ್ದು. ಇದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ, ಇಸವಿಗಳನ್ನು ಸಾಲಾಗಿ ಬರೆದರೆ ಸಾಕು. ಗಂಧರ್ವ ಮಂಡಳಿ ಲಕ್ಷಕ್ಕೂ ಮೀರಿದ ಸಾಲದಲ್ಲಿ ಸಿಕ್ಕಿಬಿದ್ದದ್ದು 1921ರ ಸುಮಾರಿಗೆ. ಅದನ್ನು ತೀರಿಸಲು ಬಾಲಗಂಧರ್ವರು ವರ್ಷಗಟ್ಟಲೆ ದುಡಿದರು. ಮಾತನಾಡುವ ಸಿನಿಮಾ ಬಂದದ್ದು 1931ರಲ್ಲಿ. ಮರುವರ್ಷವೇ ಮರಾಠಿಯಲ್ಲೂ ಟಾಕಿ ಬಂತು. ನಾಟಕದ ಡೇರೆಗಳು ಒಂದೊಂದಾಗಿ ಬಿಚ್ಚತೊಡಗಿದವು. 1935ರಲ್ಲಿ ಬಾಲಗಂಧರ್ವರು ಪ್ರಭಾತ ಕಂಪನಿಯ 'ಧರ್ಮಾತ್ಮಾ' ಚಿತ್ರದಲ್ಲಿ ಸಂತ ಏಕನಾಥರಾಗಿ ಅಭಿನಯಿಸಿದರು. ಆ ಹೊತ್ತಿಗಾಗಲೇ ಅವರ ಮಂಡಳಿಯ ವೈಭವ ಮುಗಿದಿತ್ತು. ಗೋಹರಬಾಯಿ ಅವರ ಬದುಕಿನಲ್ಲಿ ಬಂದದ್ದು 1937-38ರ ಸುಮಾರಿಗೆ. ಹದಿನಾರು ವರ್ಷ ಮುಂಚಿನ ಸಾಲವನ್ನು ಆಕೆ ಹೇಗೆ ಮಾಡಿಸಿದಳು? ಮುಳುಗಿದ ಹಡಗನ್ನು ಆಕೆ ಮತ್ತೆ ಹೇಗೆ ಮುಳುಗಿಸಿದಳು?

ಹಾಗಾದರೆ ಹಣ ಎಲ್ಲಿ ಹೋಯಿತು? ನಾಟಕಕ್ಕೇ ಹೋಯಿತು. ರೇಷ್ಮೆ, ಜರತಾರಿ, ಬೆಲೆಬಾಳುವ ಪರದೆ, ಅತ್ತರು, ನೂರಾರು ಜನರ ಊಟ, ಸಾಜಿಂದರ ಸಂಬಳ. 'ಸ್ವಯಂವರ'ದ ರುಕ್ಮಿಣಿ ರಾಜಕುಮಾರಿಯಾದರೆ ಅವಳ ಅರಮನೆ ಕಾಗದದ್ದಾಗಬಾರದು ಎಂಬ ಹಟ ಅವರದು. ಪ್ರೇಕ್ಷಕರನ್ನು ಅವರು 'ಮಾಯಬಾಪ' ಎಂದು ಕರೆಯುತ್ತಿದ್ದರು. ತಾಯಿ ತಂದೆಗೆ ಬಡಿಸುವಾಗ ಲೆಕ್ಕ ಇಡುವುದೆಂಥದು ಎಂಬಂತಿತ್ತು ಅವರ ನಡೆ. ವ್ಯವಹಾರದ ದೃಷ್ಟಿಯಿಂದ ಇದು ತಪ್ಪೇ. ಕಂಪನಿ ನಂಬಿ ಬದುಕಿದ ಕುಟುಂಬಗಳ ದೃಷ್ಟಿಯಿಂದ ದೊಡ್ಡ ತಪ್ಪು. ಆದರೆ ಆ ತಪ್ಪು ಅವರದು, ಅವರ ದೊಡ್ಡತನದ ಜೊತೆಗೇ ಹುಟ್ಟಿದ್ದು. 'ಆಕೆ ನುಂಗಿದಳು' ಎನ್ನುವವರು ಅವರಿಂದ ಈ ತಪ್ಪನ್ನಷ್ಟೇ ಕಿತ್ತುಕೊಳ್ಳುವುದಿಲ್ಲ, ಅದರ ಹಿಂದಿದ್ದ ಕಲೆಯ ಹುಚ್ಚನ್ನೂ ಕಿತ್ತುಕೊಳ್ಳುತ್ತಾರೆ. ಉಳಿಯುವುದು ಯಾರೋ ಆಡಿಸಿದಂತೆ ಆಡಿದ ಒಬ್ಬ ಪಾಪದ ಮನುಷ್ಯ. ಅಂಥ ಮನುಷ್ಯ ಸಿಂಧುವಿನ ಪಾತ್ರ ಮಾಡಬಲ್ಲನೆ?

ಎರಡನೆಯ ಆರೋಪ ಮನೆ ಒಡೆದದ್ದು. ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಪತ್ನಿ ಲಕ್ಷ್ಮೀಬಾಯಿ ನೊಂದರು, ಇದನ್ನು ಯಾವ ವಾದವೂ ಅಳಿಸಲಾರದು. ಬಾಲಗಂಧರ್ವರು ಮನೆ ಬಿಟ್ಟು ಗೋಹರಬಾಯಿಯ ಜೊತೆ ಬದುಕತೊಡಗಿದರು. ಲಕ್ಷ್ಮೀಬಾಯಿ 1940ರಲ್ಲಿ ತೀರಿಕೊಂಡರು. ಗೋಹರಬಾಯಿಯ ಜೊತೆ ಅವರ ಮದುವೆ ನಡೆದದ್ದು ಅದಾದ ಮೇಲೆ. ಗೋಹರಬಾಯಿಯ ಪರವಾಗಿ ಮಾತಾಡುವವರು ಲಕ್ಷ್ಮೀಬಾಯಿಯನ್ನು ಮರೆತರೆ ಅದು ಇನ್ನೊಂದು ಬಗೆಯ ಅನ್ಯಾಯ. ಆದರೆ ಪ್ರಶ್ನೆ ಬೇರೆ ಇದೆ. ಲಕ್ಷ್ಮೀಬಾಯಿಯ ದುಃಖದ ಬಗ್ಗೆ ನಮಗೆ ನೆನಪಾಗುವುದು ಯಾವಾಗ?

'ಮಾನಾಪಮಾನ' ಮೊದಲ ಸಲ ರಂಗಕ್ಕೆ ಬಂದದ್ದು 1911ರ ಮಾರ್ಚ್ 12ರಂದು, ಮುಂಬಯಿಯಲ್ಲಿ. ಅದೇ ದಿನ ಬಾಲಗಂಧರ್ವರ ಪುಟ್ಟ ಮಗಳು ತೀರಿಕೊಂಡಳು. ಆಟ ನಿಲ್ಲಲಿಲ್ಲ. ಅವರು ಬಣ್ಣ ಹಚ್ಚಿ ಭಾಮಿನಿಯಾಗಿ ಹಾಡಿದರು. ಈ ಕಥೆಯನ್ನು ಮರಾಠಿಗರು ನೂರು ವರ್ಷದಿಂದ ಕಣ್ಣೀರು ತುಂಬಿಕೊಂಡು ಹೇಳುತ್ತ ಬಂದಿದ್ದಾರೆ, ಕಲಾನಿಷ್ಠೆಗೆ ಇದಕ್ಕಿಂತ ಉದಾಹರಣೆ ಬೇರೆ ಉಂಟೆ ಎಂದು. ಉಂಟೋ ಇಲ್ಲವೋ, ಆ ರಾತ್ರಿ ಮಗುವನ್ನು ಕಳೆದುಕೊಂಡ ತಾಯಿ ಎಲ್ಲಿದ್ದಳು ಎಂದು ಈ ಕಥೆ ಹೇಳುವವರು ಕೇಳುವುದಿಲ್ಲ. ಗಂಡ ರಂಗಭೂಮಿಗಾಗಿ ಆಕೆಯನ್ನು ಒಂಟಿ ಮಾಡಿದಾಗ ಅದು ತ್ಯಾಗ. ಇನ್ನೊಬ್ಬ ಹೆಣ್ಣಿಗಾಗಿ ಒಂಟಿ ಮಾಡಿದಾಗ ಮಾತ್ರ ದ್ರೋಹ. ಲಾಭ ನಮಗಾದರೆ ಚಪ್ಪಾಳೆ, ನಮಗಾಗದಿದ್ದರೆ ಶಾಪ. ಲಕ್ಷ್ಮೀಬಾಯಿಯ ಹೆಸರಿನಲ್ಲಿ ಗೋಹರಬಾಯಿಯನ್ನು ಬೈಯುವವರಿಗೆ ನಿಜವಾಗಿ ಲಕ್ಷ್ಮೀಬಾಯಿಯ ಮೇಲೆ ಕನಿಕರವಿದ್ದರೆ ಅವರು 1911ರಿಂದಲೇ ಶುರು ಮಾಡಬೇಕು. ಶುರು ಮಾಡಿದರೆ ಪ್ರಶ್ನೆ ಕೇಳಬೇಕಾದದ್ದು ಬಾಲಗಂಧರ್ವರನ್ನೇ ಹೊರತು ಬೀಳಗಿಯ ಹಾಡುಗಾರ್ತಿಯನ್ನಲ್ಲ ಎಂದು ಗೊತ್ತಾಗುತ್ತದೆ.

ಆ ಹಾಡುಗಾರ್ತಿಯಾದರೂ ಯಾರು? ಗಾಳಿಮಾತು ಎಷ್ಟು ಸೋಮಾರಿಯೆಂದರೆ ಆಕೆಯ ಗುರುತನ್ನೂ ಅದು ಸರಿಯಾಗಿ ಹಿಡಿದಿಲ್ಲ. 1902ರಲ್ಲಿ ಗ್ರಾಮಫೋನಿಗೆ ಹಾಡಿ ಹೆಸರಾದ, ಮೈಸೂರಿನಲ್ಲಿ 1930ರಲ್ಲಿ ತೀರಿಕೊಂಡ ಕಲಕತ್ತೆಯ ಗೋಹರಜಾನ್ ಬೇರೆ. ಮುಂಬಯಿಯ ರಂಜಿತ್ ಸ್ಟುಡಿಯೋದ ನಟಿ ಗೋಹರ್ ಬೇರೆ. ನಮ್ಮ ಗೋಹರಬಾಯಿ ಹಳೆಯ ಬಿಜಾಪುರ ಜಿಲ್ಲೆಯ, ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ಹಾಡು, ತಬಲಾ, ಕಂಪನಿ ನಾಟಕ ಇವುಗಳಲ್ಲೇ ಬೆಳೆದ ಮನೆತನ. 'ಕಿಸ್ಮತ್' ಚಿತ್ರದ ಹಾಡುಗಳಿಂದ 1943ರಲ್ಲಿ ದೇಶವೆಲ್ಲ ಮನೆಮಾತಾದ ಅಮೀರಬಾಯಿ ಕರ್ನಾಟಕಿ ಇವರ ತಂಗಿ. ಅಮೀರಬಾಯಿಯ ಬಗ್ಗೆ ರಹಮತ್ ತರೀಕೆರೆಯವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಬಿಜಾಪುರದವರಿಗೆ ಅಮೀರ ಟಾಕೀಜಿನಿಂದಲೂ ಆ ಹೆಸರು ಗೊತ್ತು. ಅಕ್ಕ ಮಾತ್ರ ಕನ್ನಡಿಗರ ನೆನಪಿನಲ್ಲೂ ಒಂದು ಗುಸುಗುಸುವಾಗಿ ಉಳಿದರು. 'ಕರ್ನಾಟಕಿ' ಎಂದು ಊರನ್ನು ಹೆಸರಿನಲ್ಲೇ ಹೊತ್ತುಕೊಂಡು ಹೋದವರನ್ನು ಕರ್ನಾಟಕವೇ ನೆನೆಯಲಿಲ್ಲ.

ಗೋಹರಬಾಯಿ ಬಾಲಗಂಧರ್ವರ ಗಾಯಕಿಯನ್ನು ಮೆಚ್ಚಿ, ಅದರ ದಾರಿಯಲ್ಲೇ ಹಾಡಿದವರು. ಅವರ ಕಂಪನಿಯ ರಂಗದ ಮೇಲೂ ಬಂದರು. ಅಸಮಾಧಾನದ ಬೇರು ಇಲ್ಲೇ ಇದೆಯೆಂದು ನನಗನ್ನಿಸುತ್ತದೆ. ಮೂವತ್ತು ವರ್ಷ ಒಬ್ಬ ಗಂಡಸು ತೋರಿಸಿದ ಹೆಣ್ಣನ್ನೇ ನಿಜವಾದ ಹೆಣ್ಣೆಂದು ಪೂಜಿಸಿದ ಪ್ರೇಕ್ಷಕರು, ಅದೇ ರಂಗದ ಮೇಲೆ ನಿಜವಾದ ಹೆಣ್ಣೊಬ್ಬಳು ನಿಂತಾಗ ಕಂಗೆಟ್ಟರು. ಅದೂ ಹಾಡುವವರ ಮನೆಯವಳು, ಮುಸಲ್ಮಾನಳು, ಕನ್ನಡ ಸೀಮೆಯವಳು. ಮೂರು ಹೊರಗಿನತನಗಳು ಒಬ್ಬಳಲ್ಲೇ ಸೇರಿದ್ದವು. ಹೆಂಗಸರು ರಂಗಕ್ಕೆ ಬಂದದ್ದು, ಬಾಲಗಂಧರ್ವರಿಗೆ ಐವತ್ತಾದದ್ದು, ಟಾಕಿ ಗೆದ್ದದ್ದು, ಇವು ಕಾಲದ ಕೆಲಸ. ಕಾಲವನ್ನು ಬೈಯುವುದು ಕಷ್ಟ. ಬೀಳಗಿಯ ಗೋಹರಳನ್ನು ಬೈಯುವುದು ಸುಲಭ.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಬಾಲಗಂಧರ್ವರ ಪಾತ್ರಗಳನ್ನೇ ನೋಡಿ. 'ಮೃಚ್ಛಕಟಿಕ'ದ ಚಾರುದತ್ತ ಕೊಟ್ಟು ಕೊಟ್ಟು ಬಡವನಾದ ಉದಾರಿ. ಮನೆಯಲ್ಲಿ ಹೆಂಡತಿ ಧೂತಾ ಇದ್ದಾಳೆ. ಅವನನ್ನು ಪ್ರೀತಿಸುವ ವಸಂತಸೇನೆ ಗಣಿಕೆ. ಅವನ ಬಡತನ ತಿಳಿದೂ ಅವಳು ಬರುತ್ತಾಳೆ, ಅವನ ಮಗನ ಮಣ್ಣಿನ ಬಂಡಿಯಲ್ಲಿ ತನ್ನ ಒಡವೆ ಇಟ್ಟು ಹೋಗುತ್ತಾಳೆ. ಕೊನೆಗೆ ಧೂತಾ ಅವಳನ್ನು ತಂಗಿಯಂತೆ ಬರಮಾಡಿಕೊಳ್ಳುತ್ತಾಳೆ. ಸಾಲುಸಾಲು ರಾತ್ರಿ ಬಾಲಗಂಧರ್ವರ ವಸಂತಸೇನೆಯನ್ನು ನೋಡಿ ಜನ ಕರಗಿದರು. 1931ರ 'ಕಾನ್ಹೋಪಾತ್ರಾ'ದಲ್ಲಿ ಅವರು ಮಂಗಳವೇಢೆಯ ಗಣಿಕೆಯ ಮಗಳಾದರು. ಬೀದರದ ಬಾದಶಹ ಕರೆಸಿದಾಗ ಪಂಢರಪುರದ ವಿಠಲನ ಪಾದ ಹಿಡಿದವಳು ಅವಳು. ಅಲ್ಲಿಯೂ ಜನ ಕಣ್ಣೊರೆಸಿಕೊಂಡರು. ಹುಟ್ಟಿನಿಂದ ಹೆಣ್ಣನ್ನು ಅಳೆಯಬಾರದು ಎಂಬ ಪಾಠವನ್ನು ಟಿಕೇಟು ಕೊಂಡು ಕಲಿತವರು ಪರದೆ ಬಿದ್ದ ಮೇಲೆ ಅದನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದು ಹೋದರು. ಬದುಕು ನಾಟಕದಷ್ಟು ಚಂದ ಮುಗಿಯಲಿಲ್ಲ, ನಿಜ. ಲಕ್ಷ್ಮೀಬಾಯಿ ಧೂತೆಯಲ್ಲ, ಆಗಬೇಕೆಂದು ಕೇಳುವ ಹಕ್ಕೂ ನಮಗಿಲ್ಲ. ಆದರೆ ಬಡವನಾದ ಮೇಲೆ ಬಂದ ವಸಂತಸೇನೆಯನ್ನು ದುಡ್ಡಿಗಾಗಿ ಬಂದವಳು ಎನ್ನುವುದು ಆ ನಾಟಕವನ್ನೇ ನೋಡದವರ ಮಾತು.

ಬಡವರಾದ ಮೇಲೆ ಬಂದದ್ದು ಮಾತ್ರವಲ್ಲ, ಗೋಹರಬಾಯಿ ಕೊನೆಯವರೆಗೆ ಇದ್ದರು. ಮುಂದೆ ಬಾಲಗಂಧರ್ವರ ಕಾಲುಗಳ ಶಕ್ತಿ ಹೋಯಿತು. ರಾಜಕುಮಾರಿಯ ನಡಿಗೆಗೆ ಹೆಸರಾದವರನ್ನು ಎತ್ತಿ ಕೂರಿಸಬೇಕಾಯಿತು. ಡೇರೆ ತುಂಬಿದ್ದಾಗ ಸುತ್ತಲಿದ್ದವರು ಕರಗಿಹೋಗಿದ್ದರು. ಆಗ ಮುಂಬಯಿಯ ಮನೆಯಲ್ಲಿ ಅವರನ್ನು ನೋಡಿಕೊಂಡದ್ದು ಗೋಹರಬಾಯಿ. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. 1964ರಲ್ಲಿ ಪದ್ಮಭೂಷಣ ಬಂತು. ಅದೇ 1964ರಲ್ಲಿ ಗೋಹರಬಾಯಿ ತೀರಿಕೊಂಡರು. ಸರಕಾರ ಪದಕ ತೊಡಿಸಿದ ವರ್ಷವೇ ಅನ್ನ ನೀರು ನೋಡುವ ಕೈ ಹೋಯಿತು. ಮೂರು ವರ್ಷದ ಮೇಲೆ, 1967ರ ಜುಲೈ 15ರಂದು ಪುಣೆಯಲ್ಲಿ ಬಾಲಗಂಧರ್ವರೂ ಹೋದರು. ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ಭವ್ಯ ರಂಗಮಂದಿರ ಎದ್ದಿತು. 2011ರಲ್ಲಿ ಅವರ ಬದುಕಿನ ಮೇಲೆ ಮರಾಠಿ ಸಿನಿಮಾ ಬಂದು, ಗಂಧರ್ವ ಕಾಲವನ್ನು ಕಾಣದ ತಲೆಮಾರಿಗೂ ಅವರ ಹೆಸರು ಮುಟ್ಟಿತು.

ಮೂರನೆಯದು ಧರ್ಮ ಕೆಡಿಸಿದ ಮಾತು. 'ಒಬ್ಬ ಮುಸಲ್ಮಾನಳು ಬಂದು ಗಂಧರ್ವನ ಬದುಕು ಕೆಡಿಸಿದಳು' ಎನ್ನುವವರು ಆ ಗಂಧರ್ವನನ್ನು ಮಾಡಿದ ಕೈಗಳನ್ನು ಎಣಿಸಿ ನೋಡಲಿ. ಅವರ ಗುರು ಭಾಸ್ಕರಬುವಾ ಬಖಲೆ. ಭಾಸ್ಕರಬುವಾ ಕಲಿತದ್ದು ಫೈಜ್ ಮಹಮ್ಮದ್ ಖಾನ್, ನತ್ಥನ್ ಖಾನ್, ಅಲ್ಲಾದಿಯಾ ಖಾನ್ ಎಂಬ ಮೂವರು ಉಸ್ತಾದರಲ್ಲಿ. 'ಸ್ವಯಂವರ'ದ ಪದಗಳಿಗೆ ರಾಗ ಕೂಡಿಸಿದವರು ಇದೇ ಭಾಸ್ಕರಬುವಾ. ಎಂದರೆ ರುಕ್ಮಿಣಿ ಕೃಷ್ಣನನ್ನು ಕರೆದದ್ದು ಖಾನ್‌ಸಾಹೇಬರ ಮನೆಗಳಿಂದ ಬಂದ ಚೀಜುಗಳ ಚಾಲಿನಲ್ಲಿ. ರಂಗದ ಮುಂದೆ ತಬಲಾ ಹಿಡಿದು ಕೂತವರು ಉಸ್ತಾದ್ ಅಹ್ಮದ್‌ಜಾನ್ ತಿರಖ್ವಾ, ದೇಶ ಕಂಡ ಮಹಾನ್ ತಬಲಾವಾದಕರಲ್ಲಿ ಒಬ್ಬರು. ಅವರು ಹಲವು ವರ್ಷ ಗಂಧರ್ವ ಮಂಡಳಿಯ ನೌಕರಿಯಲ್ಲಿದ್ದರು. ಸಾರಂಗಿ ಕಾದರಬಕ್ಷರದು. ಪ್ರತಿರಾತ್ರಿ ಬಾಲಗಂಧರ್ವರ ಸ್ವರ ಎಲ್ಲಿ ತಿರುಗುತ್ತದೋ ಅಲ್ಲಿ ಈ ಇಬ್ಬರು ಮುಸಲ್ಮಾನರು ಕಾಯುತ್ತಿದ್ದರು. ಆಗ ಯಾರ ಧರ್ಮವೂ ಕೆಡಲಿಲ್ಲ. ತಬಲಾ ಸಾರಂಗಿಯ ಪಕ್ಕದಲ್ಲಿ ಕೂತ ಮುಸಲ್ಮಾನ ಕಲಾವಿದ, ಮನೆಯೊಳಗೆ ಬಂದ ಮುಸಲ್ಮಾನ ಹೆಂಗಸು ಮಾತ್ರ ಮಾಟಗಾತಿ ಎಂಬುದು ಯಾವ ನ್ಯಾಯ?

ನಮ್ಮವರೂ ಇದರಲ್ಲಿ ಪೂರ್ತಿ ನಿರಪರಾಧಿಗಳಲ್ಲ. ಇದೇ ಕಥೆಯನ್ನು ನಮ್ಮ ಮೊಹಲ್ಲಾಗಳಲ್ಲೂ ಎರಡು ಬಗೆಯಲ್ಲಿ ಕೇಳಿದ್ದೇನೆ. ಒಂದು, ಹಾಡಿ ಕುಣಿಯುವ ಹೆಂಗಸಿನ ಸುದ್ದಿ ನಮಗೇಕೆ ಎಂದು ಬಾಗಿಲು ಮುಚ್ಚುವ ಬಗೆ. ಇನ್ನೊಂದು, ಅಷ್ಟು ದೊಡ್ಡ ಮನುಷ್ಯ ನಮ್ಮ ಹುಡುಗಿಯ ಹಿಂದೆ ಬಂದ ಎಂದು ಮೀಸೆ ತಿರುವುವ ಬಗೆ. ಮೊದಲನೆಯದು ಗೋಹರಬಾಯಿಯನ್ನು ಕಲಾವಿದೆಯಾಗಿ ನೋಡುವುದಿಲ್ಲ. ಎರಡನೆಯದು ಮನುಷ್ಯಳಾಗಿಯೂ ನೋಡುವುದಿಲ್ಲ, ಗೆದ್ದ ಕಪ್ಪಿನಂತೆ ನೋಡುತ್ತದೆ. ಇಬ್ಬರು ನಡುವಯಸ್ಸಿನ ಕಲಾವಿದರು ಒಂದು ಮನೆಯಲ್ಲಿ ಹಾಡುತ್ತ ಮುಪ್ಪಾದದ್ದನ್ನು ಎರಡು ಸಮುದಾಯಗಳ ಕುಸ್ತಿಯಾಗಿ ನೋಡುವವರು ಯಾವ ಟೋಪಿ ಹಾಕಿದ್ದರೂ ಒಂದೇ ಅಖಾಡದವರು. ಈಚಿನ ವರ್ಷಗಳಲ್ಲಿ ಬೇರೆ ಬೇರೆ ಧರ್ಮದ ಗಂಡು ಹೆಣ್ಣು ಕೂಡಿ ನಡೆದರೆ ಬೀದಿಯಲ್ಲಿ ತಡೆದು ಹೆಸರು ಕೇಳುವವರು ಹುಟ್ಟಿಕೊಂಡಿದ್ದಾರೆ. ಅಂಥವರ ಕೈಗೆ ಈ ಹಳೆಯ ಗಾಳಿಮಾತು ಹೊಸ ಹತಾರವಾಗಿ ಸಿಗಬಾರದು.

ಕಲಾವಿದರ ಖಾಸಗಿ ಬದುಕಿನ ಬಗ್ಗೆ ಬರೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಲಕ್ಷ್ಮೀಬಾಯಿಯ ಮಾತನ್ನೂ ಮುಚ್ಚಿಟ್ಟಂತಾಗುತ್ತದೆ. ಚರಿತ್ರೆ ಬರೆಯುವವನು ಇಸವಿ ನೋಡುತ್ತಾನೆ, ಯಾರು ಏನು ಮಾಡಿದರು ಎಂದು ಕೇಳುತ್ತಾನೆ, ನೊಂದವರ ಹೆಸರು ಹೇಳುತ್ತಾನೆ. ಗಾಳಿಮಾತು ಇದಾವುದನ್ನೂ ಮಾಡದೆ ನೇರವಾಗಿ ಒಬ್ಬ ಅಪರಾಧಿಯನ್ನು ಹುಡುಕುತ್ತದೆ. ಆ ಅಪರಾಧಿ ಯಾವಾಗಲೂ ಹೆಂಗಸಾಗಿರುತ್ತಾಳೆ, ಆದಷ್ಟು ಹೊರಗಿನವಳಾಗಿರುತ್ತಾಳೆ. ಬಾಲಗಂಧರ್ವರನ್ನು ಉಳಿಸಬೇಕಾದರೆ ಅವರ ಉದಾರತನ, ಅವರ ಸಾಲ, ಅವರ ಪ್ರೀತಿ, ಅವರು ಕೊಟ್ಟ ನೋವು ಎಲ್ಲವನ್ನೂ ಅವರದೇ ಎಂದು ಒಪ್ಪಬೇಕು. ಅಷ್ಟನ್ನೂ ಹೊತ್ತುಕೊಂಡು ನಿಲ್ಲುವ ಶಕ್ತಿ ಅವರ ಹಾಡಿಗಿದೆ. ನಾವು ಕೊಡುವ ಊರುಗೋಲು ಅದಕ್ಕೆ ಬೇಕಿಲ್ಲ.

ಆ ದಿನ ಧಾರವಾಡದ ಹಿರಿಯರಿಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ, ಹೇಳುವ ಧೈರ್ಯವೂ ಇರಲಿಲ್ಲ. "ಅಜ್ಜಾರ, ತಬಲಾ ಯಾರು ಬಾರಿಸ್ಯಾರ ಕೇಳ್ರಿ" ಎಂದಷ್ಟೇ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ತಾವೇ ಎದ್ದು ಹೋಗಿ, ಮುಳ್ಳನ್ನು ಎತ್ತಿ ತಟ್ಟೆಯ ಅಂಚಿಗೆ ಮತ್ತೆ ಇಟ್ಟರು.